ಗೆಳೆಯನಿಗೆ ಕೊಟ್ಟ ಪ್ರತಿ: ತಂತ್ರಾಂಶ ಪರವಾನಗಿಯ ಬಗ್ಗೆ ವರ್ತಕರು ಅರಿತಿರಬೇಕಾದ ಸಂಗತಿಗಳು

ಪೇಟೆಯ ಬದುಕು ಪರಸ್ಪರ ನೆರವಿನ ಮೇಲೆ ನಿಂತಿದೆ. ಪಕ್ಕದ ಅಂಗಡಿಯಿಂದ ಚಿಲ್ಲರೆ ತರಿಸಿಕೊಳ್ಳುವುದು, ನಮ್ಮ ತೂಕದ ಯಂತ್ರ ಕೆಟ್ಟ ದಿನ ಎದುರು ಅಂಗಡಿಯ ತಕ್ಕಡಿಯಲ್ಲಿ ಸರಕು ತೂಗುವುದು, ತುರ್ತು ಆರ್ಡರು ಬಂದಾಗ ನೆರೆಯ ಕಾರ್ಖಾನೆಯಿಂದ ಒಂದು ಅಚ್ಚನ್ನೋ ಉಪಕರಣವನ್ನೋ ಎರವಲು ಪಡೆಯುವುದು ಇವೆಲ್ಲ ನಮ್ಮಲ್ಲಿ ಹಿರಿಯರ ಕಾಲದಿಂದ ನಡೆದು ಬಂದ ರೂಢಿಗಳು. ಯಾರೂ ಇದನ್ನು ತಪ್ಪೆಂದು ಎಣಿಸುವುದಿಲ್ಲ, ಎಣಿಸಬೇಕಾಗಿಯೂ ಇಲ್ಲ. ಎರವಲು ಕೊಟ್ಟ ವಸ್ತು ಕೊಟ್ಟವನ ಬಳಿ ಆ ಹೊತ್ತಿಗೆ ಇರುವುದಿಲ್ಲ, ಕೆಲಸ ಮುಗಿದ ಮೇಲೆ ಅದು ಮರಳಿ ಬರುತ್ತದೆ. ವಸ್ತು ಒಂದೇ, ಮಾಲೀಕನೂ ಒಬ್ಬನೇ.

ಗಣಕಯಂತ್ರಗಳು ಅಂಗಡಿಗೂ ಕಾರ್ಖಾನೆಗೂ ಬಂದಾಗ ಈ ರೂಢಿ ಅವುಗಳ ಜೊತೆಗೂ ಬೆಳೆಯಿತು. ಒಬ್ಬರು ಕೊಂಡ ಲೆಕ್ಕಪತ್ರದ ತಂತ್ರಾಂಶ ಮೊದಲು ಫ್ಲಾಪಿಯಲ್ಲಿ, ಅನಂತರ ಸಿ.ಡಿ.ಯಲ್ಲಿ, ಈಗ ಪೆನ್ ಡ್ರೈವಿನಲ್ಲಿ ಬಂಧುವಿನ ಅಂಗಡಿಗೆ, ಗೆಳೆಯನ ಕಾರ್ಖಾನೆಗೆ ಹೋಗುತ್ತದೆ. ಆದರೆ ಇಲ್ಲಿ ಒಂದು ಮೂಲಭೂತ ವ್ಯತ್ಯಾಸವಿದೆ. ತಂತ್ರಾಂಶವನ್ನು ಕೊಟ್ಟವನ ಬಳಿಯೂ ಅದು ಉಳಿಯುತ್ತದೆ, ಪಡೆದವನ ಬಳಿಯೂ ಇರುತ್ತದೆ. ಅಲ್ಲಿ ನಡೆದದ್ದು ಎರವಲಲ್ಲ, ಹೊಸ ಪ್ರತಿಯೊಂದರ ತಯಾರಿಕೆ. ಕಾನೂನಿನ ದೃಷ್ಟಿ ಬೀಳುವುದು ಈ ತಯಾರಿಕೆಯ ಮೇಲೆಯೇ. ಸದಸ್ಯ ಬಾಂಧವರಲ್ಲಿ ಅನೇಕರಿಗೆ ಈ ವಿಷಯ ಮಸುಕಾಗಿ ತಿಳಿದಿದೆ. ಆದರೆ ಅದರ ಹೊಣೆ ಯಾರ ಮೇಲೆ, ಎಷ್ಟು ಎಂಬುದು ಸ್ಪಷ್ಟವಾಗಿ ತಿಳಿದಿರುವುದು ಅಪರೂಪ. ಆ ಸ್ಪಷ್ಟತೆಯನ್ನು ಒದಗಿಸುವುದು ಈ ಲೇಖನದ ಉದ್ದೇಶ.

ನಾವು ಕೊಂಡದ್ದು ಏನನ್ನು?

ಬೆಲೆ ತೆತ್ತು ತಂದ ತಂತ್ರಾಂಶ ನಮ್ಮದೇ ಅಲ್ಲವೇ ಎಂಬ ಪ್ರಶ್ನೆ ಸಹಜ. ಇದಕ್ಕೆ ನಮ್ಮ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳು ಉತ್ತರ ನೀಡುತ್ತವೆ. ಎರಡೂ ತೆರಿಗೆಯ ಪ್ರಕರಣಗಳೆಂಬುದು ಗಮನಾರ್ಹ.

2004ರ ನವೆಂಬರಿನಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಮತ್ತು ಆಂಧ್ರಪ್ರದೇಶ ರಾಜ್ಯದ ನಡುವಿನ ಪ್ರಕರಣದಲ್ಲಿ, ಸಿದ್ಧರೂಪದಲ್ಲಿ ಮಾರಾಟವಾಗುವ ತಂತ್ರಾಂಶವು ‘ಸರಕು’ ಆಗುತ್ತದೆ, ಅದರ ಮೇಲೆ ಮಾರಾಟ ತೆರಿಗೆ ವಿಧಿಸಬಹುದು ಎಂದು ನ್ಯಾಯಾಲಯ ತೀರ್ಮಾನಿಸಿತು. ಅಂದರೆ ತಟ್ಟೆಯ ಮೇಲೆ ದಾಖಲಾಗಿ ಅಂಗಡಿಯಲ್ಲಿ ಮಾರಾಟಕ್ಕೆ ಬಂದ ತಂತ್ರಾಂಶ, ಕೊಂಡು ಮಾರುವ ಇತರ ವಸ್ತುಗಳಂತೆಯೇ ಒಂದು ಸರಕು.

2021ರ ಮಾರ್ಚ್ 2ರಂದು ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಸಂಸ್ಥೆಯ ಮೇಲ್ಮನವಿ ಹಾಗೂ ಅದರೊಡನೆ ಸೇರಿದ ಅನೇಕ ಮೇಲ್ಮನವಿಗಳಲ್ಲಿ ಮತ್ತೊಂದು ಮಹತ್ವದ ತೀರ್ಪು ಬಂದಿತು. ವಿದೇಶೀ ಕಂಪನಿಗೆ ತಂತ್ರಾಂಶಕ್ಕಾಗಿ ನೀಡಿದ ಹಣ ರಾಯಧನವೇ, ಅದರಿಂದ ತೆರಿಗೆ ಮುರಿದುಕೊಳ್ಳಬೇಕೇ ಎಂಬುದು ಅಲ್ಲಿನ ವಿವಾದ. ಹೌದೆಂದು ಕರ್ನಾಟಕ ಉಚ್ಚ ನ್ಯಾಯಾಲಯ 2011ರಲ್ಲಿ ಹೇಳಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕೊನೆಯ ಬಳಕೆದಾರನಿಗೆ ದೊರೆಯುವುದು ತಂತ್ರಾಂಶವನ್ನು ಬಳಸುವ ಅನುಮತಿ ಮಾತ್ರ. ಕೃತಿಸ್ವಾಮ್ಯದ ಯಾವ ಹಕ್ಕೂ ಅವನಿಗೆ ವರ್ಗಾವಣೆಯಾಗುವುದಿಲ್ಲ. ಆದ್ದರಿಂದ ಆ ಹಣ ರಾಯಧನವಲ್ಲ ಎಂದು ಅದು ತೀರ್ಪಿತ್ತಿತು.

ತೆರಿಗೆಯ ಮಟ್ಟಿಗೆ ಆ ತೀರ್ಪು ಉದ್ಯಮಿಗಳಿಗೆ ಲಾಭದಾಯಕವಾಯಿತು. ಆದರೆ ಅದೇ ತರ್ಕದ ಇನ್ನೊಂದು ಮುಖವನ್ನೂ ನಾವು ಒಪ್ಪಬೇಕಾಗುತ್ತದೆ. ನಮಗೆ ಬಂದದ್ದು ಬಳಕೆಯ ಅನುಮತಿ ಮಾತ್ರವಾದರೆ, ಮತ್ತೊಂದು ಪ್ರತಿ ಮಾಡುವ ಹಕ್ಕು ನಮ್ಮ ಕೈಗೆ ಬಂದೇ ಇಲ್ಲ. ಬರದ ಹಕ್ಕನ್ನು ಗೆಳೆಯನಿಗೆ ದಾನ ಮಾಡುವುದು ಸಾಧ್ಯವಿಲ್ಲ. ಪುಸ್ತಕವೊಂದನ್ನು ಕೊಂಡವನು ಅದನ್ನು ಓದಿ ಸ್ನೇಹಿತನಿಗೆ ಕೊಡಬಹುದು. ಆ ಪುಸ್ತಕವನ್ನು ಇಡಿಯಾಗಿ ಮುದ್ರಿಸಿ ಹಂಚಲಾರನು. ತಂತ್ರಾಂಶದ ಪ್ರತಿ ಮಾಡುವುದು ಈ ಎರಡನೆಯ ಬಗೆಗೆ ಸೇರಿದ ಕೆಲಸ.

ಕಾಯ್ದೆಯಲ್ಲಿರುವ ಎರಡು ಕಿರುಬಾಗಿಲುಗಳು

ನಮ್ಮ ದೇಶದಲ್ಲಿ ಈ ವಿಷಯವನ್ನು ನಿಯಂತ್ರಿಸುವುದು 1957ರ ಕೃತಿಸ್ವಾಮ್ಯ ಅಧಿನಿಯಮ. 1984ರ ತಿದ್ದುಪಡಿಯ ಮೂಲಕ ಗಣಕ ಕ್ರಮವಿಧಿಗಳು ‘ಸಾಹಿತ್ಯ ಕೃತಿ’ ಎಂಬ ವ್ಯಾಖ್ಯೆಯೊಳಗೆ ಸೇರಿದವು. ಹೀಗಾಗಿ ಕಾನೂನಿನ ಕಣ್ಣಿಗೆ ಒಂದು ಕಾದಂಬರಿಯೂ ಒಂದು ಬಿಲ್ಲಿಂಗ್ ತಂತ್ರಾಂಶವೂ ಒಂದೇ ಸಾಲಿನಲ್ಲಿ ಕುಳಿತಿವೆ. 1994ರ ತಿದ್ದುಪಡಿ ಈ ರಕ್ಷಣೆಯನ್ನು ಮತ್ತಷ್ಟು ಬಿಗಿಗೊಳಿಸಿತು. ಕಲಂ 14ರ ಪ್ರಕಾರ ತಂತ್ರಾಂಶದ ಪ್ರತಿ ಮಾಡುವ, ಅದನ್ನು ಮಾರುವ, ವಾಣಿಜ್ಯ ಬಾಡಿಗೆಗೆ ಕೊಡುವ ಹಕ್ಕು ಅದರ ಕೃತಿಸ್ವಾಮ್ಯ ಹೊಂದಿದವರದು.

ಹಾಗಿದ್ದರೂ ಕಾಯ್ದೆಯು ನ್ಯಾಯಬದ್ಧವಾಗಿ ತಂತ್ರಾಂಶ ಪಡೆದವನಿಗೆ ಕಲಂ 52ರಲ್ಲಿ ಕೆಲವು ವಿನಾಯಿತಿಗಳನ್ನು ಕೊಟ್ಟಿದೆ. ವರ್ತಕರಿಗೆ ಸಂಬಂಧಿಸಿದವು ಮುಖ್ಯವಾಗಿ ಎರಡು.

ಮೊದಲನೆಯದು ಕಲಂ 52(1)(ಎಎ). ತಂತ್ರಾಂಶವನ್ನು ಯಾವ ಉದ್ದೇಶಕ್ಕಾಗಿ ಒದಗಿಸಲಾಯಿತೋ ಆ ಉದ್ದೇಶಕ್ಕೆ ಬಳಸುವ ಸಲುವಾಗಿ, ಅಥವಾ ನಷ್ಟ, ನಾಶ, ಹಾನಿಗಳ ವಿರುದ್ಧ ತಾತ್ಕಾಲಿಕ ರಕ್ಷಣೆಗೆಂದು, ನ್ಯಾಯಬದ್ಧ ಹೊಂದುಗನು ಪ್ರತಿ ಮಾಡಿಕೊಳ್ಳಬಹುದು. ಗಣಕದ ಡಿಸ್ಕ್ ಕೆಟ್ಟರೆ ಉಪಯೋಗಕ್ಕೆ ಬರಲೆಂದು ಬೀರುವಿನಲ್ಲಿ ಒಂದು ಬ್ಯಾಕಪ್ ಪ್ರತಿ ಇಡುವುದು ಇದರೊಳಗೆ ಬರುತ್ತದೆ. ಆ ಬ್ಯಾಕಪ್ ಪ್ರತಿಯನ್ನು ತಮ್ಮನ ಅಂಗಡಿಯ ಗಣಕಕ್ಕೆ ಹಾಕಿದ ಕ್ಷಣ ಅದು ಬ್ಯಾಕಪ್ ಆಗಿ ಉಳಿಯುವುದಿಲ್ಲ.

ಎರಡನೆಯದು 1999ರ ತಿದ್ದುಪಡಿಯಿಂದ ಬಂದ ಕಲಂ 52(1)(ಎಡಿ). ಸ್ವತಃ ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ, ವಾಣಿಜ್ಯೇತರವಾದ ಸ್ವಂತ ಬಳಕೆಗಾಗಿ ಪ್ರತಿ ಮಾಡಿಕೊಳ್ಳಲು ಇದು ಅವಕಾಶ ನೀಡುತ್ತದೆ. ‘ಸ್ವಂತ ಬಳಕೆಗೆ ಪ್ರತಿ ಮಾಡಬಹುದಂತೆ’ ಎಂಬ ಮಾತು ಪೇಟೆಯಲ್ಲಿ ಕೇಳಿಬರುವುದಕ್ಕೆ ಇದೇ ಆಧಾರ. ಆದರೆ ವಾಕ್ಯದ ಮೂರು ಪದಗಳನ್ನು ನಿಧಾನವಾಗಿ ಓದಬೇಕು. ಮೂಲ ಪ್ರತಿ ಸ್ವತಃ ಪಡೆದದ್ದಾಗಿರಬೇಕು, ಬಳಕೆ ಸ್ವಂತದ್ದಾಗಿರಬೇಕು, ಅದು ವಾಣಿಜ್ಯೇತರವಾಗಿರಬೇಕು. ಗೆಳೆಯನಿಗೆ ಕೊಟ್ಟ ಪ್ರತಿ ಸ್ವಂತ ಬಳಕೆಯದಲ್ಲ. ಅಂಗಡಿಯಲ್ಲಿ ಬಿಲ್ಲು ಹಾಕುವ ಪ್ರತಿ ವಾಣಿಜ್ಯೇತರವಲ್ಲ. ವರ್ತಕನ ಪಾಲಿಗೆ ಈ ಬಾಗಿಲು ತೀರ ಕಿರಿದು.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲಿಯೇ ನಿವಾರಿಸಬೇಕು. ‘ಇದು ಹಳೆಯ ಆವೃತ್ತಿ, ಕಂಪನಿಯೇ ಈಗ ಮಾರುತ್ತಿಲ್ಲ’ ಎಂಬುದು ಸಮರ್ಥನೆಯಾಗಲಾರದು. ಸಾಹಿತ್ಯ ಕೃತಿಯ ಕೃತಿಸ್ವಾಮ್ಯ ಕರ್ತೃವಿನ ಮರಣಾನಂತರವೂ 60 ವರ್ಷ ಉಳಿಯುತ್ತದೆ. ಮಾರಾಟ ನಿಂತಿತೆಂದ ಮಾತ್ರಕ್ಕೆ ಹಕ್ಕು ಮುಗಿಯುವುದಿಲ್ಲ.

ಕೊಟ್ಟವನಿಗಿಂತ ಪಡೆದವನಿಗೆ ಹೆಚ್ಚು ಅಪಾಯ

ಉಲ್ಲಂಘನೆಗೆ ಸಂಬಂಧಿಸಿದ ಸಾಮಾನ್ಯ ಶಿಕ್ಷೆ ಕಲಂ 63ರಲ್ಲಿದೆ. ಅರಿತು ಕೃತಿಸ್ವಾಮ್ಯ ಉಲ್ಲಂಘಿಸಿದವರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗೆ ವಿಸ್ತರಿಸಬಹುದಾದ ಸೆರೆವಾಸ ಮತ್ತು ರೂ. 50,000ಕ್ಕೆ ಕಡಿಮೆಯಿಲ್ಲದ, ರೂ. 2 ಲಕ್ಷದವರೆಗಿನ ದಂಡ. ಉಲ್ಲಂಘನೆಯು ವ್ಯಾಪಾರ ವ್ಯವಹಾರದಲ್ಲಿ ಲಾಭಕ್ಕಾಗಿ ನಡೆದದ್ದಲ್ಲವಾದರೆ, ವಿಶೇಷ ಕಾರಣಗಳನ್ನು ದಾಖಲಿಸಿ ನ್ಯಾಯಾಲಯ ಇದಕ್ಕಿಂತ ಕಡಿಮೆ ಶಿಕ್ಷೆ ವಿಧಿಸಬಹುದು. ಸ್ನೇಹಕ್ಕಾಗಿ, ಒಂದು ಪೈಸೆಯನ್ನೂ ಪಡೆಯದೆ ಪ್ರತಿ ಕೊಟ್ಟವನು ಈ ವಿನಾಯಿತಿಯ ನೆರಳನ್ನು ಕೋರಬಹುದು.

ಪಡೆದವನ ಸ್ಥಿತಿ ಬೇರೆ. ತಂತ್ರಾಂಶಕ್ಕೆಂದೇ ರೂಪಿತವಾದ ಕಲಂ 63ಬಿ ಅವನ ಮೇಲೆ ಅನ್ವಯಿಸುತ್ತದೆ. ಉಲ್ಲಂಘನೆಯಿಂದ ತಯಾರಾದ ಪ್ರತಿಯೆಂದು ತಿಳಿದೂ ಅದನ್ನು ಗಣಕದಲ್ಲಿ ಬಳಸಿದವನಿಗೆ ಏಳು ದಿನಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು ರೂ. 50,000ರಿಂದ ರೂ. 2 ಲಕ್ಷದವರೆಗೆ ದಂಡ ವಿಧಿಸಬಹುದು. ಬಳಕೆ ಲಾಭಕ್ಕಾಗಿಯೂ ಅಲ್ಲ, ವ್ಯಾಪಾರದಲ್ಲಿಯೂ ಅಲ್ಲ ಎಂದಾದರೆ ಮಾತ್ರ ಸೆರೆವಾಸವಿಲ್ಲದೆ ರೂ. 50,000ದವರೆಗಿನ ದಂಡದಲ್ಲಿ ಮುಗಿಸಲು ನ್ಯಾಯಾಲಯಕ್ಕೆ ಅವಕಾಶವಿದೆ. ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ, ಮುದ್ರಣಾಲಯದಲ್ಲಿ ದಿನನಿತ್ಯ ಬಳಕೆಯಾಗುವ ತಂತ್ರಾಂಶಕ್ಕೆ ಆ ರಿಯಾಯಿತಿ ದೊರೆಯದು.

ನಾವು ಗೆಳೆಯನಿಗೆ ಉಪಕಾರವೆಂದು ಕೊಟ್ಟ ಪ್ರತಿ ನಮಗಿಂತ ಹೆಚ್ಚಾಗಿ ಅವನನ್ನೇ ಅಪಾಯಕ್ಕೆ ಒಡ್ಡುತ್ತದೆ ಎಂಬ ವಿಪರ್ಯಾಸವನ್ನು ಪ್ರತಿಯೊಬ್ಬ ವರ್ತಕನೂ ಮನಗಾಣಬೇಕು.

ಇನ್ನೂ ಕೆಲವು ಉಪಬಂಧಗಳು ಗಮನಾರ್ಹ. ಕಲಂ 63ರ ಅಪರಾಧ ನಡೆದಿದೆ ಎಂದು ಮನದಟ್ಟಾದರೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ ಉಲ್ಲಂಘನೆಯ ಪ್ರತಿಗಳನ್ನು ವಾರಂಟಿಲ್ಲದೆ ವಶಪಡಿಸಿಕೊಳ್ಳಲು ಕಲಂ 64 ಅಧಿಕಾರ ನೀಡುತ್ತದೆ. ಕಲಂ 63ರ ಅಪರಾಧವು ವಾರಂಟಿಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧವೆಂದು ಸರ್ವೋಚ್ಚ ನ್ಯಾಯಾಲಯ 2022ರ ಮೇ ತಿಂಗಳಿನಲ್ಲಿ ನಿಟ್ ಪ್ರೊ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಕೀಲಿಯನ್ನು ಮುರಿದು ತಂತ್ರಾಂಶ ಓಡಿಸುವ ‘ಕ್ರ್ಯಾಕ್’ ಬಳಕೆಗೆ 2012ರ ತಿದ್ದುಪಡಿಯ ಕಲಂ 65ಎ ಸಂಬಂಧಿಸಿದೆ. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಭೇದಿಸಿದರೆ ಎರಡು ವರ್ಷಗಳವರೆಗಿನ ಸೆರೆವಾಸ ಮತ್ತು ದಂಡವನ್ನು ಅದು ವಿಧಿಸುತ್ತದೆ.

ಮಾಲೀಕರು ಅತ್ಯಂತ ಎಚ್ಚರಿಕೆಯಿಂದ ಓದಬೇಕಾದದ್ದು ಕಲಂ 69. ಸಂಸ್ಥೆಯಲ್ಲಿ ಅಪರಾಧ ನಡೆದರೆ ಆ ವೇಳೆಯಲ್ಲಿ ವ್ಯವಹಾರದ ಉಸ್ತುವಾರಿ ಹೊತ್ತಿದ್ದವರೂ ಹೊಣೆಗಾರರಾಗುತ್ತಾರೆ. ಇಲ್ಲಿ ‘ಕಂಪನಿ’ ಎಂಬ ಪದದಲ್ಲಿ ಪಾಲುದಾರಿಕೆ ಸಂಸ್ಥೆಗಳೂ ಸೇರಿವೆ, ‘ನಿರ್ದೇಶಕ’ ಎಂಬುದರಲ್ಲಿ ಪಾಲುದಾರರೂ ಸೇರಿದ್ದಾರೆ. ‘ಗುಮಾಸ್ತ ಹಾಕಿಕೊಂಡಿದ್ದ, ನನಗೆ ತಿಳಿಯದು’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ತನಗೆ ಅರಿವಿರಲಿಲ್ಲವೆಂದು, ಅಥವಾ ತಡೆಯಲು ತಕ್ಕ ಎಚ್ಚರಿಕೆ ವಹಿಸಿದ್ದೆನೆಂದು ರುಜುವಾತುಪಡಿಸುವ ಭಾರ ಮಾಲೀಕನದೇ.

ಇವು ದಂಡನೀಯ ಕ್ರಮಗಳು. ಇವುಗಳ ಜೊತೆಗೆ ಸಿವಿಲ್ ದಾವೆಯ ಮಾರ್ಗವೂ ಇದೆ. ತಡೆಯಾಜ್ಞೆ, ನಷ್ಟ ಪರಿಹಾರ, ಲಾಭದ ಲೆಕ್ಕ ಇವೆಲ್ಲವನ್ನು ಹಕ್ಕುದಾರರು ಕೇಳಬಹುದು. ಇಂತಹ ದಾವೆಗಳಲ್ಲಿ ನ್ಯಾಯಾಲಯ ಕಮಿಷನರರನ್ನು ನೇಮಿಸಿ ಸ್ಥಳದಲ್ಲಿಯೇ ಗಣಕಗಳನ್ನು ಪರಿಶೀಲಿಸಿ ವರದಿ ತರಿಸಿಕೊಳ್ಳುವುದುಂಟು. ವರ್ಷಾಂತ್ಯದ ಲೆಕ್ಕ ಮುಗಿಸುವ ದಿನಗಳಲ್ಲಿ ಗಣಕಗಳು ಮುಟ್ಟುಗೋಲಾದರೆ ಆಗುವ ನಷ್ಟವನ್ನು ಯಾವ ದಂಡದ ಮೊತ್ತವೂ ಅಳೆಯಲಾರದು.

ಪರವಾನಗಿಗಳೆಲ್ಲ ಒಂದೇ ಬಗೆಯವಲ್ಲ

‘ಒರಿಜಿನಲ್ ತಂತ್ರಾಂಶ ಕೊಂಡಿದ್ದೇವೆ’ ಎಂದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದು ಭಾವಿಸಲಾಗದು. ಕೊಂಡ ಅನುಮತಿಯ ಮೇರೆ ಎಲ್ಲಿಯವರೆಗೆ ಎಂಬುದನ್ನು ನೋಡಬೇಕು. ಸಾಮಾನ್ಯವಾಗಿ ಎದುರಾಗುವ ಬಗೆಗಳು ಇವು.

ಗಣಕದೊಡನೆ ಬಂದ ಪರವಾನಗಿ: ಹೊಸ ಗಣಕದಲ್ಲಿ ತಯಾರಕರೇ ಅಳವಡಿಸಿ ಕಳುಹಿಸಿದ ವಿಂಡೋಸ್ ಸಾಮಾನ್ಯವಾಗಿ ಆ ಗಣಕಕ್ಕೆ ಮಾತ್ರ ಸೀಮಿತ. ಗಣಕ ಮಾರಿದರೆ ಅದು ಗಣಕದೊಡನೆ ಹೋಗುತ್ತದೆ. ತೆಗೆದು ಬೇರೆ ಗಣಕಕ್ಕೆ ಹಾಕುವಂತಿಲ್ಲ.

ಒಬ್ಬ ಬಳಕೆದಾರ, ಅನೇಕ ಬಳಕೆದಾರರು: ನಮ್ಮ ವರ್ತಕರಿಗೆ ಚಿರಪರಿಚಿತವಾದ, 1986ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಸಂಸ್ಥೆಯ ಟ್ಯಾಲಿ ತಂತ್ರಾಂಶವನ್ನೇ ನೋಡಬಹುದು. ಅದರ ಸಿಲ್ವರ್ ಪರವಾನಗಿ ಒಬ್ಬ ಬಳಕೆದಾರನಿಗೆ, ಗೋಲ್ಡ್ ಪರವಾನಗಿ ಒಂದೇ ಸ್ಥಳೀಯ ಜಾಲದಲ್ಲಿರುವ ಅನೇಕರಿಗೆ. ಒಬ್ಬರಿಗೆಂದು ಕೊಂಡದ್ದನ್ನು ಮೂರು ಮೇಜುಗಳಲ್ಲಿ ಬಳಸುವುದು ಗೆಳೆಯನಿಗೆ ಕೊಡುವಷ್ಟೇ ನಿಯಮಬಾಹಿರ.

ಚಂದಾ ಪದ್ಧತಿ: ಅಡೋಬ್ ಸಂಸ್ಥೆ 2013ರಲ್ಲಿ, ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ ಸಂಸ್ಥೆ 2016ರಲ್ಲಿ ಶಾಶ್ವತ ಪರವಾನಗಿಯ ಮಾರಾಟದಿಂದ ಚಂದಾ ಪದ್ಧತಿಯತ್ತ ಹೊರಳಿದವು. ಇಲ್ಲಿ ಅನುಮತಿಯು ಹೆಸರಿಸಿದ ವ್ಯಕ್ತಿಗೆ, ನಿಗದಿತ ಅವಧಿಗೆ ಸೀಮಿತವಾಗಿರುತ್ತದೆ. ಗುಪ್ತಪದವನ್ನು ಪಕ್ಕದ ಕಾರ್ಖಾನೆಯ ನಕ್ಷೆಗಾರನಿಗೆ ಹೇಳುವುದೂ ಪ್ರತಿ ಹಂಚಿದಂತೆಯೇ.

ವಿದ್ಯಾರ್ಥಿ ಆವೃತ್ತಿ, ಗೃಹಬಳಕೆಯ ಆವೃತ್ತಿ: ಎಂಜಿನಿಯರಿಂಗ್ ಓದುವ ಮಗನ ಹೆಸರಿನಲ್ಲಿ ಬೆಲೆಯಿಲ್ಲದೆ ಬಂದ ವಿನ್ಯಾಸ ತಂತ್ರಾಂಶದಲ್ಲಿ ಗ್ರಾಹಕರ ಬಿಡಿಭಾಗದ ನಕ್ಷೆ ಬರೆಯುವುದು ಸಣ್ಣ ಕೈಗಾರಿಕೆಗಳಲ್ಲಿ ಕಾಣಬರುತ್ತದೆ. ಅದು ಕಲಿಕೆಗಾಗಿ ನೀಡಿದ ಅನುಮತಿ, ಗಳಿಕೆಗಾಗಿ ಅಲ್ಲ. ದೂರದಿಂದ ಗಣಕವನ್ನು ನಿರ್ವಹಿಸುವ ಟೀಮ್‌ವ್ಯೂವರ್ ಸಹ ವೈಯಕ್ತಿಕ ಬಳಕೆಗೆ ಮಾತ್ರ ಉಚಿತ.

ಪರೀಕ್ಷಾ ಅವಧಿಯ ತಂತ್ರಾಂಶ: ಕಡತಗಳನ್ನು ಅಡಕಗೊಳಿಸುವ ವಿನ್‌ರಾರ್ ತಂತ್ರಾಂಶದ ಪರೀಕ್ಷಾ ಅವಧಿ 40 ದಿನ. ಅನಂತರವೂ ಅದು ಕೆಲಸ ಮಾಡುತ್ತದೆಂಬುದು ಬಳಕೆಗೆ ಅನುಮತಿಯಿದೆ ಎಂಬುದರ ಸೂಚಕವಲ್ಲ. ಅದೇ ಕೆಲಸ ಮಾಡುವ ಸೆವೆನ್‌ಜಿಪ್ ವಾಣಿಜ್ಯ ಬಳಕೆಗೂ ಉಚಿತವಾಗಿದೆ.

ಅಕ್ಷರವಿನ್ಯಾಸಗಳು: ಮುದ್ರಣಾಲಯದವರು, ಫಲಕ ಬರೆಯುವವರು, ಪ್ಯಾಕಿಂಗ್ ವಿನ್ಯಾಸಕಾರರು ಇದನ್ನು ಮರೆಯುವುದುಂಟು. ಫಾಂಟುಗಳಿಗೂ ಪ್ರತ್ಯೇಕ ಪರವಾನಗಿ ಇರುತ್ತದೆ. ಗ್ರಾಹಕರು ಕಳುಹಿಸಿದ ಕಡತದೊಡನೆ ಬಂದ ಫಾಂಟನ್ನು ಇತರ ಕೆಲಸಗಳಿಗೂ ಬಳಸುವ ಮುನ್ನ ಅದರ ನಿಯಮ ನೋಡಬೇಕು.

ಅಗ್ಗದ ಪ್ರತಿಯ ಹಿಂದಿನ ಲೆಕ್ಕ

ಕಾನೂನಿನ ಭಯವನ್ನು ಒಂದು ಕ್ಷಣ ಬದಿಗಿರಿಸಿ ಶುದ್ಧ ವ್ಯಾಪಾರದ ಲೆಕ್ಕವನ್ನಷ್ಟೇ ಹಾಕಿದರೂ ಅನಧಿಕೃತ ಪ್ರತಿ ಅಗ್ಗವೆನಿಸುವುದಿಲ್ಲ.

ಮೊದಲನೆಯದು ಸುರಕ್ಷತೆ. ಕ್ರ್ಯಾಕ್ ಮಾಡಿದ ತಂತ್ರಾಂಶದ ಬಳಕೆದಾರರು ಕೀಲಿ ಮತ್ತೆ ಬೀಳದಿರಲೆಂದು ಪರಿಷ್ಕರಣೆಗಳನ್ನು ನಿಲ್ಲಿಸಿಬಿಡುತ್ತಾರೆ. 2017ರ ಮೇ ತಿಂಗಳಿನಲ್ಲಿ ‘ವಾನಾಕ್ರೈ’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಗಣಕಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್ ತಿಂಗಳಿನಲ್ಲಿ, ಪರಿಹಾರ ಬಿಡುಗಡೆ ಮಾಡಿತ್ತು. ಪರಿಷ್ಕರಣೆ ಪಡೆಯದ ಗಣಕಗಳು ಅದಕ್ಕೆ ಸುಲಭವಾಗಿ ತುತ್ತಾದವು. ಕ್ರ್ಯಾಕ್ ಕಡತದೊಳಗೇ ಇಂತಹ ಕುತಂತ್ರಾಂಶ ಅಡಗಿ ಬರುವ ಅಪಾಯ ಬೇರೆ. ಗ್ರಾಹಕರ ಬಾಕಿ, ಸರಬರಾಜುದಾರರ ಖಾತೆ, ಬ್ಯಾಂಕಿನ ವಿವರ ಎಲ್ಲವೂ ಇರುವ ಗಣಕಕ್ಕೆ ಅಪರಿಚಿತರ ಕೈಚಳಕವನ್ನು ಒಳಬಿಡುವುದು ತಿಜೋರಿಯ ಕೀಲಿಯನ್ನು ಬೀದಿಯಲ್ಲಿಟ್ಟಂತೆ.

ಎರಡನೆಯದು ಲೆಕ್ಕಪತ್ರದ ನಿಯಮಗಳು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡು ದಾಖಲಾಗಬೇಕು, ಅದನ್ನು ನಿಷ್ಕ್ರಿಯಗೊಳಿಸಲು ಬರಬಾರದು. ಖಾಸಗಿ ನಿಯಮಿತ ಕಂಪನಿಯಾಗಿ ನೋಂದಾಯಿಸಿದ ಸಣ್ಣ ಉದ್ದಿಮೆಗಳೂ ಇದಕ್ಕೆ ಒಳಪಟ್ಟಿವೆ. ಹತ್ತು ವರ್ಷಗಳ ಹಿಂದೆ ಯಾರೋ ಕೊಟ್ಟ ಹಳೆಯ ಪ್ರತಿಯಲ್ಲಿ ಈ ಸೌಲಭ್ಯ ಇರುವುದಿಲ್ಲ. ಲೆಕ್ಕ ಪರಿಶೋಧಕರು ಅದರ ಬಗ್ಗೆ ವರದಿಯಲ್ಲಿ ಹೇಳಲೇಬೇಕಾಗುತ್ತದೆ.

ಮೂರನೆಯದು ತೆರಿಗೆ. ಬಿಲ್ಲಿನ ಮೂಲಕ ಕೊಂಡ ತಂತ್ರಾಂಶದ ಮೇಲೆ ತೆತ್ತ ಶೇಕಡ 18ರ ಜಿ.ಎಸ್.ಟಿ.ಯನ್ನು ನೋಂದಾಯಿತ ವರ್ತಕರು ನಿಯಮಗಳಿಗೆ ಒಳಪಟ್ಟು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಅದರ ವೆಚ್ಚವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ತೋರಿಸಬಹುದು. ಅನಧಿಕೃತ ಪ್ರತಿಗೆ ತಂತ್ರಜ್ಞನೊಬ್ಬನಿಗೆ ಕೈಯಿಂದ ಕೊಟ್ಟ ಐನೂರು ರೂಪಾಯಿ ಯಾವ ಪುಸ್ತಕಕ್ಕೂ ಏರುವುದಿಲ್ಲ.

ಹಂಚಲೆಂದೇ ಇರುವ ತಂತ್ರಾಂಶಗಳು

ಗೆಳೆಯರೊಡನೆ ಹಂಚಿಕೊಳ್ಳುವ ಪ್ರಶ್ನೆ ಸಣ್ಣ ಗಣಕಗಳಷ್ಟೇ ಹಳೆಯದು. 1976ರ ಫೆಬ್ರವರಿಯಲ್ಲಿ ಅಮೆರಿಕದ ಯುವ ಉದ್ಯಮಿ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ತಮ್ಮ ಸಂಸ್ಥೆ ಸಿದ್ಧಪಡಿಸಿದ ಬೇಸಿಕ್ ಭಾಷೆಯ ತಂತ್ರಾಂಶವನ್ನು ಬಹುಪಾಲು ಬಳಕೆದಾರರು ಹಣ ಕೊಡದೆ ಪ್ರತಿ ಮಾಡಿಕೊಂಡಿದ್ದಾರೆ, ಹೀಗಾದರೆ ಉತ್ತಮ ತಂತ್ರಾಂಶ ಬರೆಯುವವರು ಯಾರು ಎಂಬುದು ಅವರ ಆಕ್ಷೇಪಣೆ. ತಯಾರಕರಾದ ನಮಗೆ ಈ ವಾದ ಅಪರಿಚಿತವೇನಲ್ಲ. ನಮ್ಮ ಅಚ್ಚನ್ನು ನಕಲು ಮಾಡಿ, ನಮ್ಮ ಗುರುತಿನ ಹೆಸರಿನಲ್ಲಿ ಬೇರೊಬ್ಬರು ಸರಕು ಮಾರಿದರೆ ನಾವೂ ಹೀಗೆಯೇ ಆಕ್ಷೇಪಿಸುತ್ತೇವೆ.

ಏಳು ವರ್ಷಗಳ ಅನಂತರ, 1983ರ ಸೆಪ್ಟೆಂಬರಿನಲ್ಲಿ, ರಿಚರ್ಡ್ ಸ್ಟಾಲ್‌ಮನ್ ಎಂಬ ತಂತ್ರಜ್ಞರು ಇದಕ್ಕೆ ನೇರ ವಿರುದ್ಧವಾದ ನಿಲುವಿನಿಂದ ‘ಗ್ನೂ’ ಯೋಜನೆಯನ್ನು ಘೋಷಿಸಿದರು. ಉಪಯುಕ್ತ ತಂತ್ರಾಂಶವನ್ನು ನೆರೆಯವರೊಡನೆ ಹಂಚಿಕೊಳ್ಳುವುದು ಸಜ್ಜನಿಕೆಯ ಲಕ್ಷಣ, ಅದನ್ನು ನಿಷೇಧಿಸುವ ಪರವಾನಗಿಗೆ ತಾವು ಒಪ್ಪಲಾರೆವು ಎಂಬುದು ಅವರ ವಾದದ ತಿರುಳು. ಆದರೆ ಅವರು ಇತರರ ತಂತ್ರಾಂಶವನ್ನು ಹಂಚಲು ಹೊರಡಲಿಲ್ಲ. ಹಂಚಬಹುದಾದ ತಂತ್ರಾಂಶವನ್ನು ಹೊಸದಾಗಿ ಬರೆಯಲು ತೊಡಗಿದರು. ಅದಕ್ಕೆಂದು 1989ರಲ್ಲಿ ‘ಜಿ.ಪಿ.ಎಲ್.’ ಎಂಬ ಪರವಾನಗಿಯನ್ನು ರೂಪಿಸಿದರು. ಅದರ ಎರಡನೆಯ ಆವೃತ್ತಿ 1991ರಲ್ಲಿ, ಮೂರನೆಯದು 2007ರಲ್ಲಿ ಬಂದಿತು. ಬಳಸುವ, ಪ್ರತಿ ಮಾಡುವ, ತಿದ್ದುವ, ಹಂಚುವ ಸ್ವಾತಂತ್ರ್ಯವನ್ನು ಅದೇ ಕೃತಿಸ್ವಾಮ್ಯ ಕಾನೂನಿನ ಬಲದಿಂದ ಈ ಪರವಾನಗಿ ನೀಡುತ್ತದೆ.

ಆ ಬೀಜದಿಂದ ಬೆಳೆದ ಫಲಗಳು ಇಂದು ಸಣ್ಣ ಉದ್ದಿಮೆಗಳ ಕೈಗೆಟುಕುವಂತಿವೆ. ಗಣಕದ ಮೂಲ ನಿರ್ವಹಣೆಗೆ ಲಿನಕ್ಸ್. ಪತ್ರ, ಪಟ್ಟಿ, ಕೋಷ್ಟಕಗಳಿಗೆ 2010ರಲ್ಲಿ ಓಪನ್ ಆಫೀಸಿನಿಂದ ಕವಲೊಡೆದ ಲಿಬ್ರೆ ಆಫೀಸ್. ಚಿತ್ರ ತಿದ್ದಲು ಗಿಂಪ್. ಫಲಕ ಮತ್ತು ಲೇಬಲ್ಲುಗಳ ವಿನ್ಯಾಸಕ್ಕೆ ಇಂಕ್‌ಸ್ಕೇಪ್. ಬಿಡಿಭಾಗಗಳ ನಕ್ಷೆಗೆ ಫ್ರೀಕ್ಯಾಡ್. ದಾಸ್ತಾನು ಮತ್ತು ಲೆಕ್ಕಪತ್ರಕ್ಕೆ ಮುಂಬಯಿಯಲ್ಲಿ ರೂಪುಗೊಂಡ ಇ.ಆರ್.ಪಿ. ನೆಕ್ಸ್ಟ್. ಕನ್ನಡ ಮುದ್ರಣಕ್ಕೆ ನೋಟೊ ಸ್ಯಾನ್ಸ್ ಕನ್ನಡದಂತಹ ಮುಕ್ತ ಪರವಾನಗಿಯ ಅಕ್ಷರವಿನ್ಯಾಸಗಳಿವೆ. ಇವುಗಳ ಪ್ರತಿಯನ್ನು ಗೆಳೆಯನಿಗೆ, ನೆಂಟನಿಗೆ, ಇಡೀ ವರ್ತಕರ ಸಂಘಕ್ಕೆ ಹಂಚಿದರೂ ತಪ್ಪಿಲ್ಲ.

ಇಲ್ಲಿಯೂ ಎರಡು ಎಚ್ಚರಿಕೆಗಳು ಅಗತ್ಯ. ಬೆಲೆಯಿಲ್ಲದ ತಂತ್ರಾಂಶಗಳೆಲ್ಲ ಹಂಚಬಹುದಾದ ತಂತ್ರಾಂಶಗಳಲ್ಲ. ಉಚಿತವಾಗಿ ಇಳಿಸಿಕೊಳ್ಳಲು ಅವಕಾಶವಿದ್ದೂ ಪ್ರತಿ ಹಂಚಲು ಅವಕಾಶವಿಲ್ಲದವು ಅನೇಕ. ಮತ್ತು ಮುಕ್ತ ತಂತ್ರಾಂಶಕ್ಕೂ ನಿಯಮಗಳಿವೆ. ಜಿ.ಪಿ.ಎಲ್. ಅಡಿಯ ತಂತ್ರಾಂಶವನ್ನು ತಾನು ತಯಾರಿಸಿದ ಯಂತ್ರದೊಳಗೆ ಅಳವಡಿಸಿ ಮಾರುವ ಉದ್ದಿಮೆದಾರ ಪರವಾನಗಿಯ ಪಠ್ಯವನ್ನೂ ಮೂಲ ಸಂಕೇತವನ್ನೂ ಗ್ರಾಹಕನಿಗೆ ಒದಗಿಸಬೇಕಾಗುತ್ತದೆ. ಬದಲಾವಣೆಯಲ್ಲಿ ಶ್ರಮವೂ ಇದೆ: ಸಿಬ್ಬಂದಿಗೆ ತರಬೇತಿ ಬೇಕು, ಗ್ರಾಹಕರು ಕಳುಹಿಸುವ ಕಡತಗಳೊಡನೆ ಹೊಂದಾಣಿಕೆ ಸರಿಯಿದೆಯೇ ಎಂದು ಪರೀಕ್ಷಿಸಬೇಕು. ಒಂದು ಗಣಕದಲ್ಲಿ ಆರಂಭಿಸಿ ನೋಡುವುದು ಜಾಣತನ.

ಮಾಲೀಕರು ಕೈಗೊಳ್ಳಬೇಕಾದ ಕ್ರಮಗಳು

ಮೊದಲಿಗೆ ಒಂದು ತಂತ್ರಾಂಶ ದಾಖಲೆ ಪುಸ್ತಕ ತೆರೆಯಬೇಕು. ಪ್ರತಿಯೊಂದು ಗಣಕದಲ್ಲಿ ಯಾವ ತಂತ್ರಾಂಶವಿದೆ, ಪರವಾನಗಿ ಯಾವ ಬಗೆಯದು, ಬಿಲ್ಲಿನ ಸಂಖ್ಯೆ ಮತ್ತು ದಿನಾಂಕವೇನು, ಅವಧಿ ಎಂದು ಮುಗಿಯುತ್ತದೆ ಎಂಬ ಅಂಕಣಗಳು ಸಾಕು. ಕಲಂ 69ರ ಅಡಿ ತಕ್ಕ ಎಚ್ಚರಿಕೆ ವಹಿಸಿದ್ದೆವೆಂದು ತೋರಿಸಲು ಇದು ನೆರವಾಗುವ ದಾಖಲೆ.

ಎರಡನೆಯದಾಗಿ, ಬಿಡಿಭಾಗಗಳನ್ನು ಜೋಡಿಸಿದ ಗಣಕ ಕೊಳ್ಳುವಾಗ ಮಾರಾಟಗಾರ ‘ಎಲ್ಲ ತಂತ್ರಾಂಶವನ್ನೂ ಹಾಕಿಕೊಡುತ್ತೇನೆ’ ಎಂದರೆ ಅವುಗಳ ಹೆಸರನ್ನು ಬಿಲ್ಲಿನಲ್ಲಿ ನಮೂದಿಸಲು ಕೇಳಬೇಕು. ಬಿಲ್ಲಿಗೆ ಏರದ ತಂತ್ರಾಂಶ ಗಣಕಕ್ಕೂ ಏರುವುದು ಬೇಡ.

ಮೂರನೆಯದಾಗಿ, ತಂತ್ರಾಂಶ ಅಳವಡಿಸುವ ಅಧಿಕಾರವನ್ನು ಒಬ್ಬರಿಗೆ ಮಾತ್ರ ಕೊಟ್ಟು, ಸಿಬ್ಬಂದಿ ತಮ್ಮ ಪೆನ್ ಡ್ರೈವಿನಿಂದ ಏನನ್ನೂ ಹಾಕಕೂಡದೆಂದು ಲಿಖಿತ ಸೂಚನೆ ನೀಡಬೇಕು.

ನಾಲ್ಕನೆಯದಾಗಿ, ಸಹೋದರರು ಬೇರೆಯಾದಾಗ, ಪಾಲುದಾರಿಕೆ ಮುರಿದಾಗ, ಹೊಸ ಶಾಖೆ ತೆರೆದಾಗ ಪರವಾನಗಿಯ ವಿಚಾರವನ್ನೂ ಪಾಲುಪಟ್ಟಿಗೆ ಸೇರಿಸಬೇಕು. ಅಂಗಡಿ ಎರಡಾದರೆ ಪರವಾನಗಿ ತಾನಾಗಿ ಎರಡಾಗುವುದಿಲ್ಲ.

ಕೊನೆಯದಾಗಿ, ಹಕ್ಕುದಾರ ಸಂಸ್ಥೆಯಿಂದ ನೋಟೀಸು ಬಂದರೆ ಅದನ್ನು ಕಡೆಗಣಿಸುವುದೂ ಬೇಡ, ಗಾಬರಿಯಿಂದ ರಾತ್ರೋರಾತ್ರಿ ಗಣಕದ ದಾಖಲೆಗಳನ್ನು ಅಳಿಸುವುದೂ ಬೇಡ, ಓದದೆ ಸಹಿ ಹಾಕುವುದಂತೂ ಬೇಡವೇ ಬೇಡ. ನೋಟೀಸು ಕಳುಹಿಸಿದವರ ಅಧಿಕಾರವನ್ನು ಪರಿಶೀಲಿಸಿ, ವಕೀಲರ ಸಲಹೆ ಪಡೆದು, ತಮ್ಮಲ್ಲಿರುವ ಬಿಲ್ಲುಗಳೊಡನೆ ಲಿಖಿತ ಉತ್ತರ ನೀಡುವುದು ಸರಿಯಾದ ಕ್ರಮ.

ಸ್ನೇಹಿತರಿಗೆ ನೆರವಾಗುವ ಸದ್ಗುಣವನ್ನು ಬಿಡಬೇಕೆಂದು ಯಾರೂ ಹೇಳಲಾರರು. ಯಾವ ತಂತ್ರಾಂಶ ತಮ್ಮ ವ್ಯವಹಾರಕ್ಕೆ ಒಗ್ಗಿತು, ಯಾರಲ್ಲಿ ಯೋಗ್ಯ ಬೆಲೆಗೆ ದೊರೆಯಿತು, ಯಾವ ಮುಕ್ತ ತಂತ್ರಾಂಶ ಸಾಕಾಯಿತು ಎಂಬ ಅನುಭವವನ್ನು ಧಾರಾಳವಾಗಿ ಹಂಚಿಕೊಳ್ಳಬಹುದು. ಅದಕ್ಕೆ ಯಾವ ಪರವಾನಗಿಯೂ ಬೇಡ. ಒಂದೇ ಬಗೆಯ ವ್ಯಾಪಾರ ಮಾಡುವ ಹತ್ತಿಪ್ಪತ್ತು ಸದಸ್ಯರು ಒಟ್ಟಾಗಿ ಮಾರಾಟಗಾರರೊಡನೆ ದರ ಮಾತನಾಡಿ, ತಮ್ಮ ತಮ್ಮ ಹೆಸರಿನಲ್ಲಿ ಪ್ರತ್ಯೇಕ ಪರವಾನಗಿ ಪಡೆದರೆ ಬೆಲೆಯ ಭಾರವೂ ಇಳಿಯಬಹುದು. ಈ ದಿಸೆಯಲ್ಲಿ ವೃತ್ತಿವಾರು ಸಂಘಗಳು ಮುಂದಾಗುವುದು ಉಚಿತ. ಮುಂದಿನ ಬಾರಿ ಮಿತ್ರನೊಬ್ಬ ಪೆನ್ ಡ್ರೈವ್ ಹಿಡಿದು ಬಂದಾಗ, ‘ಇದರ ಪ್ರತಿ ಕೊಟ್ಟರೆ ಸಿಕ್ಕಿಬೀಳುವವನು ನೀನೇ’ ಎಂದು ಅವನಿಗೆ ತಿಳಿಹೇಳುವುದೇ ಅವನಿಗೆ ಮಾಡುವ ನಿಜವಾದ ಉಪಕಾರ.